ಎಲ್ಲವನ್ನೂ ಹಾಡಿದ ಚಿತ್ರ, ಹೆದರದೆ ಎದ್ದುಹೋದ ಪ್ರೇಕ್ಷಕರು

2008ರ ನವೆಂಬರ್‌ನಲ್ಲಿ ಅಮೆರಿಕದ ಬೆರಳೆಣಿಕೆಯ ಚಿತ್ರಮಂದಿರಗಳಲ್ಲಿ ‘ರೆಪೋ! ದಿ ಜೆನೆಟಿಕ್ ಒಪೆರಾ’ ಎಂಬ ಚಿತ್ರ ತೆರೆಕಂಡಿತು. ಸುಮಾರು 85 ಲಕ್ಷ ಡಾಲರ್ ಖರ್ಚಿನಲ್ಲಿ ತಯಾರಾದ ಅದು ಚಿತ್ರಮಂದಿರಗಳಿಂದ 2 ಲಕ್ಷ ಡಾಲರನ್ನೂ ದುಡಿಯಲಿಲ್ಲ. ರಕ್ತ ಹರಿಯುವ ಭಯಾನಕ ಕಥೆಯೊಂದು ಅಲ್ಲಿ ಮೊದಲಿನಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುತ್ತದೆ. ಆಡುವ ಮಾತು ಇಲ್ಲವೆನ್ನುವಷ್ಟು ಕಡಿಮೆ. ನೋಡಿದವರಲ್ಲಿ ಹೆಚ್ಚಿನವರು ನಿರಾಸೆಗೊಂಡರು, ಸಣ್ಣದೊಂದು ಗುಂಪು ಅದನ್ನು ಎದೆಗೆ ಅಪ್ಪಿಕೊಂಡಿತು, ಈ ಎರಡು ಪಾಳೆಯಗಳ ನಡುವಿನ ವಾದ ಇಷ್ಟು ವರ್ಷಗಳಾದರೂ ತಣಿದಿಲ್ಲ. ನಾನು ಮೊದಲನೆಯ ಪಾಳೆಯದವನು. ನಿರಾಸೆಗೊಂಡವರ ಮಾತುಗಳನ್ನು ಸಾವಧಾನವಾಗಿ ಕೇಳಿಸಿಕೊಂಡರೆ, ಅವು ಬರಿಯ ಸಿಟ್ಟಿನ ಮಾತುಗಳಲ್ಲ, ಭಯಕ್ಕೂ ಹಾಡಿಗೂ ಇರುವ ನಂಟಿನ ಬಗ್ಗೆ ಸಾಮಾನ್ಯ ಪ್ರೇಕ್ಷಕರು ತಮಗೆ ತಾವೇ ಕಂಡುಕೊಂಡ ಸತ್ಯಗಳು ಎಂದು ನನಗೆ ಅನ್ನಿಸಿದೆ. ಆ ಮಾತುಗಳಿಗೆ ಸಿಗಬೇಕಾದ ಗೌರವ ಸಿಗಲಿಲ್ಲ ಎಂಬ ಕೊರಗೇ ಈ ಬರಹಕ್ಕೆ ಕಾರಣ.

ಕಥೆಯ ಮೂಲ ಕಲ್ಪನೆ ಸಾಮಾನ್ಯವಾದುದಲ್ಲ. 2056ನೆಯ ಇಸವಿ. ಅದಕ್ಕೆ ಮುಂಚೆ ಮನುಷ್ಯರ ಅಂಗಾಂಗಗಳು ಸಾಲುಸಾಲಾಗಿ ಕೆಟ್ಟು ಜನ ಸಾಯುತ್ತಿದ್ದ ಕಾಲವೊಂದು ಬಂದು ಹೋಗಿದೆ. ಆಗ ಜೀನ್‌ಕೋ ಎಂಬ ಕಂಪನಿ ಹೃದಯ, ಮೂತ್ರಪಿಂಡ, ಕಣ್ಣುಗಳನ್ನು ಕಂತಿನ ಮೇಲೆ ಮಾರತೊಡಗಿ ಜನರನ್ನು ಉಳಿಸಿದೆ, ಉಳಿಸಿದ್ದಕ್ಕೆ ಬೆಲೆಯಾಗಿ ಅವರೆಲ್ಲರ ಒಡೆತನವನ್ನು ತನ್ನದಾಗಿಸಿಕೊಂಡಿದೆ. ಕಂತು ತಪ್ಪಿದವರ ಮನೆಗೆ ರಾತ್ರಿ ಹೊತ್ತು ಕಂಪನಿಯ ಆಳು ಬರುತ್ತಾನೆ, ಅಂಗವನ್ನು ಕೊಯ್ದುಕೊಂಡು ಹೋಗುತ್ತಾನೆ. ಕಾನೂನು ಅದನ್ನು ಒಪ್ಪಿದೆ. ಸಾಲ ಕೊಟ್ಟವರು ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಯನ್ನು ಸೀಜ್ ಮಾಡಿಕೊಂಡು ಹೋಗುವುದನ್ನು ಕಂಡ ಯಾರಿಗೇ ಆದರೂ ಈ ಕಲ್ಪನೆ ಕೂಡಲೇ ಅರ್ಥವಾಗುತ್ತದೆ. ಇದನ್ನು ಬರೆದವರು ಡ್ಯಾರೆನ್ ಸ್ಮಿತ್ ಮತ್ತು ಟೆರನ್ಸ್ ಝ್ಡುನಿಚ್. ಸ್ಮಿತ್ ಅವರ ಗೆಳೆಯರೊಬ್ಬರು ದಿವಾಳಿಯೆದ್ದು ಆಸ್ತಿ ಕಳೆದುಕೊಂಡದ್ದೇ ಕಥೆಗೆ ಪ್ರೇರಣೆಯಾಯಿತಂತೆ. 1990ರ ದಶಕದ ಕೊನೆಯಲ್ಲಿ ಕ್ಲಬ್ಬುಗಳಲ್ಲಿ ಹಾಡುವ ಸಣ್ಣ ತುಣುಕಾಗಿ ಹುಟ್ಟಿ, ಮುಂದೆ ರಂಗನಾಟಕವಾಗಿ ಬೆಳೆದು, ಸಿನಿಮಾ ಆಗುವ ಹೊತ್ತಿಗೆ ಅಮೆರಿಕದಲ್ಲಿ ಗೃಹಸಾಲಗಳು ಕುಸಿದು ಬ್ಯಾಂಕುಗಳು ಮುಳುಗುತ್ತಿದ್ದವು. ಲಕ್ಷಾಂತರ ಜನರ ಮನೆಗಳು ಸಾಲ ಕೊಟ್ಟವರ ಪಾಲಾಗುತ್ತಿದ್ದ ಹೊತ್ತಿನಲ್ಲಿ ದೇಹವೇ ಜಪ್ತಿಯಾಗುವ ಕಥೆ ತೆರೆಗೆ ಬಂದಿತು. ಕಾಲ ಇಷ್ಟು ಕೂಡಿ ಬರುವುದು ಅಪರೂಪ. ಆದರೂ ನೋಡಿ ಹೊರಬಂದವರ ಮಾತಿನಲ್ಲಿ ಸಾಲದ ವಿಷಯ ಬಹುತೇಕ ಬರಲೇ ಇಲ್ಲ. ಅವರು ಹೇಳಿದ್ದು ಬೇರೆ ಎರಡು ಸಂಗತಿಗಳನ್ನು: ಹೆದರಿಕೆಯಾಗಲಿಲ್ಲ, ಹಾಡು ನೆನಪಿನಲ್ಲಿ ಉಳಿಯಲಿಲ್ಲ.

ಮೊದಲನೆಯ ಮಾತನ್ನು ಮೊದಲು ನೋಡೋಣ. ನಿರ್ದೇಶಕ ಡ್ಯಾರೆನ್ ಲಿನ್ ಬೌಸ್ಮನ್ ಅದಕ್ಕೆ ಮುಂಚೆ ‘ಸಾ’ ಸರಣಿಯ ಎರಡು, ಮೂರು ಮತ್ತು ನಾಲ್ಕನೆಯ ಚಿತ್ರಗಳನ್ನು ಮಾಡಿದ್ದವರು. ದೇಹವನ್ನು ಕತ್ತರಿಸುವ ದೃಶ್ಯ ಅವರಿಗೆ ಹೊಸದಾಗಿರಲಿಲ್ಲ. ಅವರ ಹೆಸರು ನೋಡಿ ಬಂದ ಪ್ರೇಕ್ಷಕರಿಗೆ ರಕ್ತ ಸಿಕ್ಕಿತು, ಭಯ ಸಿಗಲಿಲ್ಲ. ಇದಕ್ಕೆ ಕಾರಣ ಹಾಡೇ ಎಂದು ಹಲವರು ತೀರ್ಮಾನಿಸಿಬಿಟ್ಟರು. ಹಾಡು ಶುರುವಾದ ಕೂಡಲೇ ಇದು ನಾಟಕ ಎಂದು ಮನಸ್ಸಿಗೆ ಗೊತ್ತಾಗುತ್ತದೆ, ಆಮೇಲೆ ಹೆದರುವುದಾದರೂ ಹೇಗೆ ಎಂಬುದು ಅವರ ವಾದ. ಕೇಳುವುದಕ್ಕೆ ಸರಿಯೆನಿಸುವ ಈ ವಾದವನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಲಂಡನ್ನಿನ ಒಬ್ಬ ಕ್ಷೌರಿಕ.

ಅಮೆರಿಕದ ಸಂಗೀತ ನಾಟಕಕಾರ ಸ್ಟೀಫನ್ ಸೋಂಡ್‌ಹೈಮ್ ಅವರ ‘ಸ್ವೀನಿ ಟಾಡ್’ 1979ರಲ್ಲಿ ಬ್ರಾಡ್‌ವೇ ರಂಗಕ್ಕೆ ಬಂದಿತು. ಅದರಲ್ಲಿಯೂ ಬಹುಪಾಲು ಕಥೆ ಸಂಗೀತದ ಮೇಲೆಯೇ ಸಾಗುತ್ತದೆ. ಸಂಗೀತ ನಿರಂತರವಾಗಿ ಹರಿಯುತ್ತಿದ್ದರೆ ಮಾತ್ರ ಪ್ರೇಕ್ಷಕರು ಆತಂಕದ ಹಿಡಿತದಲ್ಲಿ ಉಳಿಯುತ್ತಾರೆ ಎಂಬುದು ಸೋಂಡ್‌ಹೈಮ್ ಅವರ ನಂಬಿಕೆಯಾಗಿತ್ತು. ಭಯಾನಕ ಚಿತ್ರಗಳಿಗೆ ಬರ್ನಾರ್ಡ್ ಹರ್ಮನ್ ನೀಡಿದ್ದ ಸಂಗೀತವನ್ನು ಅವರು ಬಹಳ ಮೆಚ್ಚಿದ್ದರು. ಮೊದಲ ಅಂಕದ ಕೊನೆಯ ಹೊತ್ತಿಗೆ, ಕ್ಷೌರಿಕ ಟಾಡ್‌ನ ಸಂಸಾರವನ್ನು ಹಾಳುಮಾಡಿದ ನ್ಯಾಯಾಧೀಶ ಅವನದೇ ಕುರ್ಚಿಯಲ್ಲಿ ಕುತ್ತಿಗೆ ಒಡ್ಡಿ ಕೂತಿರುತ್ತಾನೆ. ಟಾಡ್ ಕತ್ತಿ ಮಸೆಯುತ್ತ ಅವನ ಜೊತೆಗೂಡಿ ಹೆಂಗಸರ ಚೆಲುವಿನ ಬಗ್ಗೆ ಹಾಡುತ್ತಾನೆ. ಇಡೀ ನಾಟಕದಲ್ಲಿ ಅಷ್ಟು ಇಂಪಾದ ಹಾಡುಗಳು ಹೆಚ್ಚಿಲ್ಲ. ಆ ಇಂಪೇ ನಮ್ಮನ್ನು ಉಸಿರು ಹಿಡಿದು ಕೂರಿಸುತ್ತದೆ, ಏಕೆಂದರೆ ಹಾಡು ಎಷ್ಟು ಹೊತ್ತು ನಡೆಯುತ್ತದೆಯೋ ಅಷ್ಟು ಹೊತ್ತು ಕತ್ತಿ ತಡೆಯುತ್ತದೆ, ಹಾಡು ಮುಗಿದರೆ ಕತ್ತು ಹೋಗುತ್ತದೆ ಎಂದು ನಮಗೆ ಗೊತ್ತಿದೆ, ಆ ನ್ಯಾಯಾಧೀಶನಿಗೆ ಗೊತ್ತಿಲ್ಲ. ಹಾಡು ಅಲ್ಲಿ ಕೃತ್ಯವನ್ನು ಮುಂದೂಡುತ್ತದೆ. ಭಯ ಹುಟ್ಟುವುದು ಆ ಮುಂದೂಡಿಕೆಯಲ್ಲಿ.

‘ರೆಪೋ’ದಲ್ಲಿ ಅದಕ್ಕೆ ಸರಿಸಾಟಿಯಾಗಬಹುದಾಗಿದ್ದ ದೃಶ್ಯವೊಂದಿದೆ. ಜಪ್ತಿಯ ಆಳಾದ ನೇಥನ್ ಒಬ್ಬನ ಹೊಟ್ಟೆ ಬಗೆದು, ಆ ದೇಹದೊಳಗೆ ಕೈ ತೂರಿಸಿ, ಅದನ್ನು ಬೊಂಬೆಯಂತೆ ಆಡಿಸುತ್ತ ತನ್ನ ಕೆಲಸ ಎಷ್ಟು ಕೃತಜ್ಞತೆಯಿಲ್ಲದ್ದು ಎಂದು ಹಾಡುತ್ತಾನೆ. ನೇಥನ್ ಪಾತ್ರ ಮಾಡಿದ ಆಂಟನಿ ಹೆಡ್ ಒಳ್ಳೆಯ ಹಾಡುಗಾರ, ‘ರಾಕಿ ಹಾರರ್’ ನಾಟಕದ ಮುಖ್ಯ ಪಾತ್ರವನ್ನು ಲಂಡನ್ ರಂಗದ ಮೇಲೆ ಮಾಡಿದವರು. ಅವರ ಕಂಠದಲ್ಲಿ ಕ್ರೌರ್ಯವೂ ದಣಿವೂ ಒಟ್ಟಿಗೇ ಕೇಳಿಸುತ್ತವೆ. ಆದರೆ ಹಾಡು ಶುರುವಾಗುವ ಹೊತ್ತಿಗೆ ಕೃತ್ಯವೂ ಶುರುವಾಗಿರುತ್ತದೆ, ಎರಡೂ ಒಂದೇ ವೇಗದಲ್ಲಿ ನಡೆದು ಒಟ್ಟಿಗೇ ಮುಗಿಯುತ್ತವೆ. ಕಾಯುವುದಕ್ಕೆ ಏನೂ ಉಳಿಯುವುದಿಲ್ಲ. ನಮಗೆ ಅಸಹ್ಯವಾಗುತ್ತದೆ, ಒಮ್ಮೊಮ್ಮೆ ನಗು ಬರುತ್ತದೆ, ಹೆದರಿಕೆ ಮಾತ್ರ ಆಗುವುದಿಲ್ಲ. ಬೀಭತ್ಸಕ್ಕೂ ಭಯಾನಕಕ್ಕೂ ನಮ್ಮ ಕಾವ್ಯಮೀಮಾಂಸೆ ಬೇರೆ ಬೇರೆ ಮನೆ ಕೊಟ್ಟದ್ದು ಸುಮ್ಮನೆ ಅಲ್ಲ. ಬೀಭತ್ಸಕ್ಕೆ ಕಣ್ಣಿಗೆ ಕಾಣುವ ವಸ್ತು ಸಾಕು. ಭಯಾನಕಕ್ಕೆ ಇನ್ನೂ ಕಾಣದೆ ಇರುವ ವಸ್ತು ಬೇಕು. ಈ ಚಿತ್ರ ಮೊದಲನೆಯದನ್ನು ಧಾರಾಳವಾಗಿ ಕೊಟ್ಟು ಎರಡನೆಯದನ್ನು ಮರೆತಿತು. ‘ಹೆದರಿಕೆಯಾಗಲಿಲ್ಲ’ ಎಂದ ಪ್ರೇಕ್ಷಕರು ಹೇಳಿದ್ದು ನಿಜ, ಆದರೆ ಅಪರಾಧ ಹಾಡಿನದಲ್ಲ, ಹಾಡನ್ನು ಇಟ್ಟ ಜಾಗದ್ದು.

ಹಾಡೂ ಭಯವೂ ಕೂಡುವುದಿಲ್ಲ ಎಂಬ ವಾದವನ್ನು ಕನ್ನಡ ಪ್ರೇಕ್ಷಕರ ಮುಂದಿಟ್ಟರೆ ಅವರು ತಲೆಯಾಡಿಸಲಾರರು. 2004ರ ‘ಆಪ್ತಮಿತ್ರ’ದಲ್ಲಿ ಗಂಗಾ ನಾಗವಲ್ಲಿಯಾಗಿ ಕುಣಿಯುವ ‘ರಾ ರಾ’ ಹಾಡನ್ನು ನೆನೆದುಕೊಂಡರೆ ಸಾಕು. ಅದು ಕಥೆಯನ್ನು ನಿಲ್ಲಿಸಿ ತುರುಕಿದ ಹಾಡಲ್ಲ. ಅಲ್ಲಿಯವರೆಗೆ ಅನುಮಾನವಾಗಿದ್ದ ಸಂಗತಿ ಆ ಹಾಡಿನಲ್ಲೇ ಕಣ್ಣಿಗೆ ಕಾಣಿಸಿಕೊಳ್ಳುತ್ತದೆ. ಹಾಡಿಗೆ ಅಷ್ಟು ಶಕ್ತಿ ಬಂದಿರುವುದು ಅದರ ಹಿಂದಿನ ದೃಶ್ಯಗಳಲ್ಲಿ ಮಾತಿತ್ತು, ಮೌನವಿತ್ತು, ಮುಚ್ಚಿದ ಬಾಗಿಲಿತ್ತು ಎಂಬ ಕಾರಣಕ್ಕೆ.

ಇನ್ನು ಎರಡನೆಯ ಮಾತು. ಹಾಡು ನೆನಪಿನಲ್ಲಿ ಉಳಿಯಲಿಲ್ಲ ಎಂಬ ದೂರು ನನಗೆ ಇನ್ನೂ ಮುಖ್ಯವೆನಿಸುತ್ತದೆ, ಏಕೆಂದರೆ ಅದರ ಹಿಂದೆ ರಚನೆಯ ದೊಡ್ಡ ಪ್ರಶ್ನೆಯೊಂದು ಅಡಗಿದೆ. ಒಂದೂವರೆ ಗಂಟೆಗೆ ತುಸು ಹೆಚ್ಚಿನ ಈ ಚಿತ್ರದಲ್ಲಿ ಹತ್ತಾರು ಹಾಡುಗಳಿವೆ, ಹಲವು ಒಂದು ನಿಮಿಷವನ್ನೂ ಮುಟ್ಟುವುದಿಲ್ಲ. ಪಾತ್ರಗಳು ಪ್ರೀತಿಯನ್ನೂ ಹಾಡುತ್ತವೆ, ಬೈಗುಳವನ್ನೂ ಹಾಡುತ್ತವೆ, ಔಷಧ ತೆಗೆದುಕೊಂಡೆಯಾ ಎಂದು ಮಗಳನ್ನು ಕೇಳುವುದನ್ನೂ ಹಾಡುತ್ತವೆ. ಗಡಸು ರಾಕ್ ಮಟ್ಟು ಬಹುತೇಕ ಕಡೆ ಒಂದೇ ಕಾವಿನಲ್ಲಿ ಉರಿಯುತ್ತಿರುತ್ತದೆ. ಮಾಹಿತಿಯೂ ಭಾವವೂ ಒಂದೇ ಸ್ವರದಲ್ಲಿ ಬಂದಾಗ ಕಿವಿ ಎರಡನ್ನೂ ಬೇರೆ ಮಾಡಲಾರದೆ ಸೋಲುತ್ತದೆ. ಮೊದಲ ಸಲ ನೋಡುವವರು ಕಥೆ ಕಳೆದುಹೋಗದಂತೆ ಪದಗಳ ಬೆನ್ನು ಹತ್ತುತ್ತಾರೆ, ರಾಗದ ಕಡೆ ಗಮನ ಕೊಡುವುದಕ್ಕೆ ಅವರಿಗೆ ಬಿಡುವೇ ಸಿಗುವುದಿಲ್ಲ. ಹಾಡು ಮನಸ್ಸಿನಲ್ಲಿ ಕೂರಬೇಕಾದರೆ ಅದರ ಮುಂದೆ ಹಿಂದೆ ಹಾಡಲ್ಲದ ಏನಾದರೂ ಇರಬೇಕು.

ಇಲ್ಲಿ ನನಗೆ ಯಕ್ಷಗಾನದ ಕಟ್ಟುಪಾಡು ಎಷ್ಟು ಯೋಚನೆಯಿಂದ ಹುಟ್ಟಿದ್ದು ಎಂದು ಮತ್ತೆ ಮತ್ತೆ ಅನ್ನಿಸುತ್ತದೆ. ಭಾಗವತರು ಪದ ಹೇಳುತ್ತಾರೆ. ಪಾತ್ರಧಾರಿ ಅದಕ್ಕೆ ಕುಣಿದು, ಆಮೇಲೆ ಅರ್ಥ ಹೇಳುತ್ತಾನೆ. ಪದದಲ್ಲಿ ಭಾವದ ಸಾರ, ಅರ್ಥದಲ್ಲಿ ವಾದ, ವಿವರ, ಕಥೆಯ ನಡೆ. ಒಂದು ಇನ್ನೊಂದರ ಕೆಲಸಕ್ಕೆ ಕೈ ಹಾಕುವುದಿಲ್ಲ. ದುಶ್ಶಾಸನನ ವಧೆಯಂಥ ಪ್ರಸಂಗದಲ್ಲಿ ಕರುಳು ಬಗೆಯುವ ರೌದ್ರವೂ ಹಾಡಿನ ಮೇಲೆಯೇ ನಡೆಯುತ್ತದೆ, ಚೆಂಡೆಯ ಪೆಟ್ಟು ಎದೆಗೆ ತಾಗುತ್ತದೆ. ಆದರೆ ಅಷ್ಟರೊಳಗೆ ಮಾತಿನಲ್ಲಿ ಪ್ರತಿಜ್ಞೆ ನಡೆದಿರುತ್ತದೆ, ಅಂಗಲಾಚಿಕೆ ನಡೆದಿರುತ್ತದೆ, ಮಾತು ಇನ್ನು ಮುಂದೆ ಹೋಗಲಾರದು ಎಂಬ ಹಂತ ತಲುಪಿದ ಮೇಲೆಯೇ ಚೆಂಡೆ ಏರುತ್ತದೆ. ತೆಂಕುತಿಟ್ಟಿನ ಬಣ್ಣದ ವೇಷ ರಂಗಸ್ಥಳಕ್ಕೆ ಬರುವ ರೀತಿಯನ್ನೂ ಗಮನಿಸಬೇಕು. ಮುಖದ ತುಂಬ ಅಕ್ಕಿಹಿಟ್ಟಿನ ಚುಟ್ಟಿ ಇಟ್ಟ ಆ ರಾಕ್ಷಸನನ್ನು ಒಮ್ಮೆಗೇ ತೋರಿಸಿಬಿಡುವುದಿಲ್ಲ. ಮೊದಲು ದೂರದಿಂದ ಆರ್ಭಟ ಕೇಳುತ್ತದೆ, ತೆರೆಯ ಹಿಂದೆ ಕಿರೀಟದ ಅಂಚು ಕಾಣುತ್ತದೆ, ದೊಂದಿಯ ಬೆಳಕು ಏಳುತ್ತದೆ, ತೆರೆ ಸರಿಯುವಷ್ಟರಲ್ಲಿ ಮುಂದಿನ ಸಾಲಿನ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಹೊಕ್ಕಾಗಿರುತ್ತದೆ. ಬಯಲಾಟ ನೋಡಿ ಬೆಳೆದ ನಮ್ಮಂಥವರಿಗೆ ಹಾಡುವ ರಾಕ್ಷಸ ವಿಚಿತ್ರವೆನಿಸುವುದಿಲ್ಲ. ನಮಗೆ ವಿಚಿತ್ರವೆನಿಸುವುದು ಅರ್ಥವೇ ಇಲ್ಲದ ಆಟ.

ಪೂರ್ತಿ ಹಾಡಿನಲ್ಲಿ ನಡೆಯುವ ಗೇಯನಾಟಕಗಳು ಕನ್ನಡದಲ್ಲಿಯೂ ಇವೆ, ಪುತಿನ ಅವರ ‘ಗೋಕುಲ ನಿರ್ಗಮನ’ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆದ್ದರಿಂದ ಎಲ್ಲವನ್ನೂ ಹಾಡುವುದೇ ತಪ್ಪು ಎನ್ನಲಾಗದು. ಆದರೆ ಅಲ್ಲಿನ ಕಥೆಯನ್ನು ಕೇಳುವವರು ಮೊದಲೇ ಬಲ್ಲರು. ಕೃಷ್ಣ ಗೋಕುಲವನ್ನು ಬಿಟ್ಟು ಹೋಗುತ್ತಾನೆ ಎಂದು ತಿಳಿಸಿಕೊಡುವ ಹೊರೆ ಹಾಡಿನ ಮೇಲಿಲ್ಲ. ಯುರೋಪಿನ ಒಪೆರಾ ಪ್ರೇಕ್ಷಕರೂ ಬಹಳ ಸಲ ಕಥೆ ತಿಳಿದೇ ಹೋಗಿ ಕೂರುತ್ತಾರೆ. ‘ರೆಪೋ’ ಹೇಳಹೊರಟದ್ದು ಯಾರೂ ಕೇಳಿರದ ಕಥೆ, ಅದೂ ಸಿಕ್ಕುಸಿಕ್ಕಾದ ಕಥೆ. ನೇಥನ್ ಹಗಲು ವೈದ್ಯ, ರಾತ್ರಿ ಕೊಲೆಗಾರ. ಅವನ ಹೆಂಡತಿ ಮಾರ್ನಿ ಸತ್ತದ್ದು ತನ್ನ ಔಷಧದಿಂದಲೇ ಎಂದು ಅವನು ನಂಬಿದ್ದಾನೆ. ನಿಜವಾಗಿ ಆ ಔಷಧಕ್ಕೆ ವಿಷ ಬೆರೆಸಿದವನು ಜೀನ್‌ಕೋ ಒಡೆಯ ರೊಟ್ಟಿ ಲಾರ್ಗೋ, ಏಕೆಂದರೆ ಅವಳು ಮೊದಲು ಇವನನ್ನು ಮದುವೆಯಾಗಬೇಕಿದ್ದವಳು. ಮಗಳು ಶೈಲೋಗೆ ತಾಯಿಯಿಂದ ಬಂದ ರಕ್ತದ ಕಾಯಿಲೆಯಿದೆ ಎಂದು ಹೇಳಿ ತಂದೆ ಅವಳನ್ನು ಮನೆಯಲ್ಲಿ ಕೂಡಿಹಾಕಿದ್ದಾನೆ. ಕಾಯಿಲೆಗೆ ಕಾರಣ ಅವನೇ ಕೊಡುತ್ತಿರುವ ಔಷಧ. ಇಷ್ಟೆಲ್ಲವನ್ನೂ ಹಾಡಿನಲ್ಲೇ ತಿಳಿಸಲಾಗದೆ ಚಿತ್ರ ನಡುನಡುವೆ ಬರೆದ ಚಿತ್ರಗಳ ಪಟ್ಟಿಗಳನ್ನು ತೋರಿಸಿ ಹಿಂದಿನ ಕಥೆಯನ್ನು ಹೇಳುತ್ತದೆ. ಝ್ಡುನಿಚ್ ಅವರೇ ಬರೆದ ಆ ಚಿತ್ರಗಳು ಚೆನ್ನಾಗಿವೆ, ಆದರೆ ಅವುಗಳ ಅಗತ್ಯ ಬಿದ್ದದ್ದೇ ಹಾಡು ಸೋತಿತೆಂಬುದಕ್ಕೆ ಒಪ್ಪಿಗೆಯ ರುಜು ಹಾಕಿದಂತಾಯಿತು.

ನಟನೆಗಿಂತ ಶ್ರೀಮಂತ ಮನೆತನದ ಹೆಸರಿನಿಂದಲೇ ಪ್ರಸಿದ್ಧರಾದ ಪ್ಯಾರಿಸ್ ಹಿಲ್ಟನ್ ಬಗ್ಗೆ ನೋಡುಗರು ಆಡಿದ ಮಾತುಗಳಿಗೆ ನಾನು ಹೆಚ್ಚು ಜಾಗ ಕೊಡಲಾರೆ. ಆ ವರ್ಷದ ಅತ್ಯಂತ ಕೆಟ್ಟ ಪೋಷಕ ನಟಿ ಎಂಬ ಗೋಲ್ಡನ್ ರಾಸ್ಪ್‌ಬೆರಿ ಅಣಕು ಪ್ರಶಸ್ತಿ ಈ ಚಿತ್ರಕ್ಕಾಗಿ ಅವರಿಗೆ ಬಂದಿತು. ನನ್ನ ಅಭಿಪ್ರಾಯದಲ್ಲಿ ಅದು ಅನ್ಯಾಯ. ಶಸ್ತ್ರಚಿಕಿತ್ಸೆಯ ಚಟಕ್ಕೆ ಬಿದ್ದು ಮುಖವನ್ನು ಮತ್ತೆ ಮತ್ತೆ ಬದಲಿಸಿಕೊಳ್ಳುವ ಶ್ರೀಮಂತನ ಮಗಳು ಆಂಬರ್ ಪಾತ್ರವನ್ನು ಅವರು ಹುರುಪಿನಿಂದಲೇ ಮಾಡಿದ್ದಾರೆ, ವೇದಿಕೆಯ ಮೇಲೆ ಹೊಸ ಮುಖ ಕಳಚಿ ಬೀಳುವ ದೃಶ್ಯದಲ್ಲಿ ಹಿಂಜರಿಕೆಯಿಲ್ಲ. ಅಲ್ಲಿ ಪ್ರೇಕ್ಷಕರು ಪಾತ್ರವನ್ನು ನೋಡದೆ ಹೆಸರನ್ನು ನೋಡಿದರು.

ಆದರೆ ಇದೇ ಚಿತ್ರದಲ್ಲಿ, ನಿರಾಸೆಗೊಂಡವರೂ ಮೆಚ್ಚಿದವರೂ ಒಟ್ಟಿಗೆ ಒಪ್ಪುವ ಕೆಲವು ನಿಮಿಷಗಳಿವೆ. ಅವು ಸಾರಾ ಬ್ರೈಟ್‌ಮನ್ ಅವರಿಗೆ ಸೇರಿದವು. 1986ರಲ್ಲಿ ಲಂಡನ್ನಿನಲ್ಲಿ ‘ದಿ ಫ್ಯಾಂಟಮ್ ಆಫ್ ದಿ ಒಪೆರಾ’ ಮೊದಲು ರಂಗಕ್ಕೆ ಬಂದಾಗ ಕ್ರಿಸ್ಟೀನಳಾಗಿ ಹಾಡಿದವರು ಅವರೇ. ಇಲ್ಲಿ ಅವರದು ಬ್ಲೈಂಡ್ ಮ್ಯಾಗ್ ಎಂಬ ಗಾಯಕಿಯ ಪಾತ್ರ. ಹುಟ್ಟುಕುರುಡಿಯಾಗಿದ್ದ ಮ್ಯಾಗ್‌ಗೆ ಜೀನ್‌ಕೋ ಕಣ್ಣು ಕೊಟ್ಟಿದೆ, ಬದಲಿಗೆ ಅವಳ ಕಂಠವನ್ನು ತನ್ನ ಪ್ರಚಾರಕ್ಕೆ ಬರೆಸಿಕೊಂಡಿದೆ. ಅವಳು ಹಾಡುವುದನ್ನು ಬಿಡುತ್ತೇನೆಂದರೆ ಕಣ್ಣುಗಳು ಕಂಪನಿಗೆ ವಾಪಸಾಗಬೇಕು. ಕೊನೆಯ ಒಪೆರಾದ ರಾತ್ರಿ ಮ್ಯಾಗ್ ತುಂಬಿದ ಸಭೆಯ ಮುಂದೆ ನಿಂತು ಹಾಡುತ್ತಾಳೆ, ಹಾಡಿನ ತುದಿಯಲ್ಲಿ ತನ್ನ ಕಣ್ಣುಗಳನ್ನು ತಾನೇ ಕಿತ್ತು ಒಡೆಯನಿಗೆ ತಿರುಗಿಸಿ ಕೊಡುತ್ತಾಳೆ. ರೊಟ್ಟಿ ಅವಳನ್ನು ಎತ್ತಿ ಹಿಡಿದಿದ್ದ ಹಗ್ಗಗಳನ್ನು ಕತ್ತರಿಸುತ್ತಾನೆ, ಅವಳು ವೇದಿಕೆಯ ಬೇಲಿಯ ಮೊನೆಗೆ ಬಿದ್ದು ಸಾಯುತ್ತಾಳೆ. ಸಭೆಯಲ್ಲಿದ್ದವರಿಗೆ ಇದು ನಾಟಕದ ಭಾಗವೋ ನಿಜವೋ ತಿಳಿಯುವುದಿಲ್ಲ.

ಈ ದೃಶ್ಯ ಯಾಕೆ ಗೆದ್ದಿತು? ಚಿತ್ರದ ಉಳಿದ ಕಡೆ ಪಾತ್ರಗಳು ಹಾಡುತ್ತಿರುವುದು ಅವರ ಲೋಕದಲ್ಲಿ ಮಾತೇ. ತಾವು ಹಾಡುತ್ತಿದ್ದೇವೆಂದು ಅವರಿಗೆ ಅರಿವಿಲ್ಲ. ಇಲ್ಲಿ ಮಾತ್ರ ಮ್ಯಾಗ್ ನಿಜವಾಗಿ ಹಾಡುತ್ತಿದ್ದಾಳೆ, ಕೇಳಲು ಸಭೆಯಿದೆ, ಹಾಡು ಅವಳ ಪಾಲಿಗೆ ಒಡೆಯನ ಋಣವೂ ಹೌದು, ಅದರಿಂದ ಹೊರಬರುವ ದಾರಿಯೂ ಹೌದು. ಸಂಗೀತದ ಕಾವು ತಗ್ಗುತ್ತದೆ, ರಾಕ್ ಗದ್ದಲ ಹಿಂದೆ ಸರಿದು ಒಂದು ಕಂಠಕ್ಕೆ ಜಾಗ ಸಿಗುತ್ತದೆ. ಅವಳು ಏನೋ ಮಾಡಲಿದ್ದಾಳೆಂದು ನಮಗೆ ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಕುರ್ಚಿಯಲ್ಲಿ ಕೂತ ನ್ಯಾಯಾಧೀಶನ ಮುಂದೆ ನಡೆದದ್ದೇ ಇಲ್ಲಿಯೂ ನಡೆಯುತ್ತದೆ: ಹಾಡು ಕೃತ್ಯವನ್ನು ತಡೆಹಿಡಿದಿದೆ, ನಾವು ಹಾಡು ಮುಗಿಯಬಾರದೆಂದು ಬಯಸುತ್ತೇವೆ. ಇದನ್ನು ಕಟ್ಟಬಲ್ಲವರು ಉಳಿದ ಚಿತ್ರವನ್ನು ಹಾಗೆ ಕಟ್ಟಲಿಲ್ಲವಲ್ಲ ಎಂಬುದೇ ನನ್ನ ನಿರಾಸೆಯ ತಿರುಳು. ಪ್ರತಿಭೆಯಿಲ್ಲದವರ ಚಿತ್ರವಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಸತ್ತವರ ದೇಹದಿಂದ ನೀಲಿಯಾಗಿ ಹೊಳೆಯುವ ಝೈಡ್ರೇಟ್ ಎಂಬ ನೋವುನಿವಾರಕವನ್ನು ತೆಗೆದು ಮಾರುವ ಗೋರಿಗಳ್ಳನ ಹಾಡನ್ನೂ ಇದರ ಜೊತೆ ಸೇರಿಸಬೇಕು. ಅಲ್ಲಿ ಒಬ್ಬರು ಕೇಳುತ್ತಾರೆ, ಗುಂಪು ಉತ್ತರಿಸುತ್ತದೆ, ಪಲ್ಲವಿ ಮರಳಿ ಬರುತ್ತದೆ. ನೋಡಿದವರು ಗುನುಗುತ್ತ ಹೊರಬಂದ ಹಾಡು ಯಾವುದಾದರೂ ಇದ್ದರೆ ಅದು.

ನಿರೀಕ್ಷೆಯ ಪ್ರಶ್ನೆಯೂ ಇದೆ. ‘ಸ್ವೀನಿ ಟಾಡ್’ 2007ರಲ್ಲಿ ಟಿಮ್ ಬರ್ಟನ್ ಕೈಯಲ್ಲಿ ಸಿನಿಮಾ ಆದಾಗ ಪ್ರಚಾರದ ತುಣುಕುಗಳಲ್ಲಿ ಹಾಡನ್ನು ಆದಷ್ಟು ಮರೆಮಾಡಲಾಗಿತ್ತು. ಹಾಡು ಶುರುವಾದ ಮೇಲೆ ಬ್ರಿಟನ್ನಿನಲ್ಲಿ ಕೆಲವರು ಎದ್ದು ಹೋದರು, ದೂರನ್ನೂ ಕೊಟ್ಟರು. ಹಾಡನ್ನು ಬಚ್ಚಿಟ್ಟು ಟಿಕೆಟ್ ಮಾರುವುದು ಪ್ರೇಕ್ಷಕರಿಗೂ ಹಾಡಿಗೂ ಮಾಡಿದ ಅವಮಾನ. ‘ರೆಪೋ’ ತನ್ನ ಹೆಸರಿನಲ್ಲಿಯೇ ಒಪೆರಾ ಎಂದು ಹೇಳಿಕೊಂಡಿತು, ಆ ಮಟ್ಟಿಗೆ ಅದು ಪ್ರಾಮಾಣಿಕ. ಆದ್ದರಿಂದ ಅದನ್ನು ನೋಡಿ ಬೇಸರಪಟ್ಟವರನ್ನು ‘ಹಾಡು ಇರುತ್ತದೆಂದು ಗೊತ್ತಿಲ್ಲದೆ ಬಂದವರು’ ಎಂದು ತಳ್ಳಿಹಾಕುವಂತಿಲ್ಲ. ಅವರಲ್ಲಿ ಅನೇಕರು ಹಾಡು ಕೇಳಲೆಂದೇ ಬಂದವರು.

ಪ್ರೇಕ್ಷಕರ ನಿರಾಸೆಯನ್ನು ಹೇಗೆ ಓದಬೇಕು ಎಂಬುದಕ್ಕೆ ನನಗೆ ತಿಳಿದಿರುವ ಒಳ್ಳೆಯ ನಿದರ್ಶನ ‘ಲಿಟ್ಲ್ ಶಾಪ್ ಆಫ್ ಹಾರರ್ಸ್’. ಹೋವರ್ಡ್ ಆಶ್‌ಮನ್ ಮತ್ತು ಆಲನ್ ಮೆಂಕನ್ 1982ರಲ್ಲಿ ರಂಗಕ್ಕೆ ತಂದ ಈ ಕಥೆಯಲ್ಲಿ ರಕ್ತ ಕುಡಿಯುವ ಗಿಡವೊಂದು ಕೊನೆಗೆ ನಾಯಕನನ್ನೂ ನಾಯಕಿಯನ್ನೂ ನುಂಗುತ್ತದೆ. ನಾಟಕ ನೋಡಿದವರು ಅದನ್ನು ಸಂತೋಷದಿಂದ ಒಪ್ಪಿದ್ದರು. ನಿರ್ದೇಶಕ ಫ್ರಾಂಕ್ ಓಝ್ ಚಿತ್ರಕ್ಕೂ ಅದೇ ಮುಕ್ತಾಯವನ್ನು ಬಹಳ ಹಣ ಸುರಿದು ಚಿತ್ರೀಕರಿಸಿ, ಬಿಡುಗಡೆಗೆ ಮುಂಚೆ ಸ್ಯಾನ್ ಹೋಸೆಯಲ್ಲಿ ಪ್ರೇಕ್ಷಕರಿಗೆ ತೋರಿಸಿದರು. ಪ್ರತಿ ಹಾಡಿಗೂ ಚಪ್ಪಾಳೆ ತಟ್ಟುತ್ತಿದ್ದ ಸಭೆ ಜೋಡಿ ಸತ್ತೊಡನೆ ತಣ್ಣಗಾಯಿತು. ಚಿತ್ರವನ್ನು ನೋಡಿ ಎಂದು ಇತರರಿಗೆ ಹೇಳುತ್ತೇವೆ ಎಂದವರು ಶೇಕಡ 55ರಷ್ಟಾದರೂ ಇರಬೇಕಿತ್ತು, ಬಂದದ್ದು 13 ಎಂದು ಓಝ್ ಮುಂದೆ ಸಂದರ್ಶನದಲ್ಲಿ ನೆನೆದುಕೊಂಡಿದ್ದಾರೆ. ಅವರು ಪ್ರೇಕ್ಷಕರನ್ನು ಬೈಯಲಿಲ್ಲ, ಕಾರಣ ಹುಡುಕಿದರು. ನಾಟಕದಲ್ಲಿ ಸತ್ತ ಪಾತ್ರಧಾರಿಗಳು ಕೊನೆಗೆ ನಮಸ್ಕರಿಸಲು ವೇದಿಕೆಗೆ ಮರಳಿ ಬರುತ್ತಾರೆ, ಸಿನಿಮಾದಲ್ಲಿ ಸತ್ತವರು ಸತ್ತೇ ಹೋಗುತ್ತಾರೆ, ಜನ ಅವರನ್ನು ಪ್ರೀತಿಸಿದ್ದರಿಂದ ಆ ಸಾವನ್ನು ಕ್ಷಮಿಸಲಿಲ್ಲ ಎಂಬುದು ಅವರು ಕಂಡುಕೊಂಡ ಉತ್ತರ. ಮುಕ್ತಾಯವನ್ನು ಬದಲಿಸಿ 1986ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದರು. ಮೂಲ ಮುಕ್ತಾಯ 2012ರಲ್ಲಿ ಡಿಸ್ಕ್ ರೂಪದಲ್ಲಿ ಜನರಿಗೆ ದೊರೆಯಿತು, ನನಗೆ ವೈಯಕ್ತಿಕವಾಗಿ ಅದೇ ಇಷ್ಟ. ಆದರೂ ಅಂದು ಸ್ಯಾನ್ ಹೋಸೆಯಲ್ಲಿ ಮೌನವಾಗಿ ಕೂತವರು ತಪ್ಪು ಮಾಡಿದರೆಂದು ಹೇಳಲಾರೆ. ಅವರ ಬೇಸರದಲ್ಲಿ ರಂಗಭೂಮಿಗೂ ಸಿನಿಮಾಕ್ಕೂ ಇರುವ ಅಂತರದ ಪಾಠವಿತ್ತು.

‘ರೆಪೋ’ ಅಭಿಮಾನಿಗಳು ಈ ಸೌಜನ್ಯವನ್ನು ತೋರಿಸಲಿಲ್ಲ. ಇದು ಎಲ್ಲರಿಗೂ ಅರ್ಥವಾಗುವ ಚಿತ್ರವಲ್ಲ ಎಂಬ ಮಾತು ಅವರಲ್ಲಿ ಬಲುಬೇಗ ಬೇರೂರಿತು. ಅವರ ಪ್ರೀತಿ ಸುಳ್ಳಲ್ಲ ಎಂಬುದನ್ನು ಒಪ್ಪುತ್ತೇನೆ. ವಿತರಕರು ಕೈಬಿಟ್ಟ ಚಿತ್ರವನ್ನು ಬೌಸ್ಮನ್ ಮತ್ತು ಝ್ಡುನಿಚ್ ತಾವೇ ಊರೂರಿಗೆ ಹೊತ್ತು ತಿರುಗಿದರು, ಪ್ರದರ್ಶನದ ಬಳಿಕ ನಿಂತು ಜನರೊಡನೆ ಮಾತಾಡಿದರು. ಮುಂದೆ ಹಲವು ನಗರಗಳಲ್ಲಿ ತೆರೆಯ ಮುಂದೆ ವೇಷ ಧರಿಸಿ ಚಿತ್ರದ ಜೊತೆಜೊತೆಗೇ ಅಭಿನಯಿಸುವ ತಂಡಗಳು ಹುಟ್ಟಿಕೊಂಡವು. 1975ರಲ್ಲಿ ಸೋತ ‘ದಿ ರಾಕಿ ಹಾರರ್ ಪಿಕ್ಚರ್ ಶೋ’ 1976ರಿಂದ ನ್ಯೂಯಾರ್ಕಿನ ವೇವರ್ಲಿ ಚಿತ್ರಮಂದಿರದ ಮಧ್ಯರಾತ್ರಿಯ ಪ್ರದರ್ಶನಗಳಲ್ಲಿ ಮರುಜನ್ಮ ಪಡೆದ ದಾರಿಯನ್ನೇ ಇದೂ ಹಿಡಿಯಿತು. ಆದರೆ ಈ ಎರಡನೆಯ ಜೀವ ಬಂದದ್ದು ಎಲ್ಲಿಂದ ಎಂದು ಕೇಳಿಕೊಂಡರೆ ನಿರಾಸೆಗೊಂಡವರ ಮಾತೇ ಮತ್ತೆ ನಿಜವಾಗುತ್ತದೆ. ಅಭಿಮಾನಿಗಳಿಗೆ ಕಥೆ ಬಾಯಿಪಾಠವಾಗಿದೆ. ಪದಗಳ ಬೆನ್ನು ಹತ್ತುವ ಕೆಲಸ ಅವರಿಗಿಲ್ಲದ ಕಾರಣ ಅವರ ಕಿವಿ ರಾಗಕ್ಕೆ ತೆರೆದಿದೆ; ಅವರು ನಡುವೆ ಕೂಗುತ್ತಾರೆ, ಉತ್ತರಿಸುತ್ತಾರೆ, ಚಿತ್ರದಲ್ಲಿ ಇಲ್ಲದ ಮಾತನ್ನು ತಾವೇ ತುಂಬುತ್ತಾರೆ. ಗೇಯನಾಟಕದ ಕೇಳುಗರಿಗೆ ಸಂಪ್ರದಾಯ ಕೊಡುವ ಪರಿಚಯವನ್ನು ಇವರು ಸಲ ಸಲ ನೋಡಿ ಗಳಿಸಿಕೊಂಡಿದ್ದಾರೆ. ಅದು ಅವರ ಶ್ರಮದ ಫಲ. ಮೊದಲ ಸಲ ದುಡ್ಡು ಕೊಟ್ಟು ಕೂತವರು ಆ ಶ್ರಮವನ್ನು ಮಾಡಿಲ್ಲವೆಂದು ದೂರುವುದು ನ್ಯಾಯವಲ್ಲ, ಏಕೆಂದರೆ ಕಥೆಯನ್ನು ತಿಳಿಸುವ ಹೊಣೆ ಚಿತ್ರದ್ದಾಗಿತ್ತು.

ಮುಕ್ತಾಯದ ಬಗ್ಗೆ ಕೇಳಿಬರುವ ಬೇಸರವನ್ನೂ ನಾನು ಹಂಚಿಕೊಳ್ಳುತ್ತೇನೆ. ತಂದೆಯನ್ನು ಕೊಂದರೆ ಇಡೀ ಕಂಪನಿ ನಿನ್ನದು ಎಂದು ರೊಟ್ಟಿ ಶೈಲೋಗೆ ಆಸೆ ತೋರಿಸುತ್ತಾನೆ, ಅವಳು ಒಪ್ಪುವುದಿಲ್ಲ, ರೊಟ್ಟಿಯೇ ನೇಥನ್‌ಗೆ ಗುಂಡು ಹೊಡೆಯುತ್ತಾನೆ. ತಂದೆ ಸಾಯುವಾಗ ಅಪ್ಪ ಮಗಳು ಹಾಡುವ ಹಾಡು ಕಣ್ಣು ತೇವ ಮಾಡಬೇಕಾದದ್ದು. ವರ್ಷಗಟ್ಟಲೆ ಮಗಳಿಗೆ ವಿಷ ಕೊಟ್ಟ ತಂದೆಯನ್ನು ಅವಳು ಅಷ್ಟು ಹೊತ್ತಿನಲ್ಲಿ ಹೇಗೆ ಕ್ಷಮಿಸಿದಳು ಎಂಬ ಪ್ರಶ್ನೆಗೆ ಮಾತ್ರ ಅಲ್ಲಿ ಉತ್ತರವಿಲ್ಲ. ಎರಡು ಸಾಲಿನ ಮಾತು, ಅಥವಾ ಮಾತಾಡಲಾಗದೆ ಅವಳು ತಡವರಿಸುವ ಒಂದು ಗಳಿಗೆ, ಆ ಕ್ಷಮೆಯನ್ನು ನಂಬುವಂತೆ ಮಾಡುತ್ತಿತ್ತು. ಹಾಡು ಹಿಂದಿನ ಹಾಡಿನ ಬೆನ್ನಿಗೇ ಬಂದುಬಿಡುವುದರಿಂದ ಅವಳಿಗೆ ಯೋಚಿಸಲು ಸಮಯ ಸಿಗಲಿಲ್ಲ, ನಮಗೂ ಸಿಗಲಿಲ್ಲ.

ಇದೇ ಜೋಡಿ, ಬೌಸ್ಮನ್ ಮತ್ತು ಝ್ಡುನಿಚ್, 2012ರಲ್ಲಿ ‘ದಿ ಡೆವಿಲ್ಸ್ ಕಾರ್ನಿವಲ್’ ಎಂಬ ಇನ್ನೊಂದು ಭಯಾನಕ ಗೀತಚಿತ್ರವನ್ನು ಮಾಡಿದರು. ಅದು ಒಂದು ಗಂಟೆಯನ್ನೂ ಮುಟ್ಟದ ಚಿತ್ರ. ಸತ್ತು ನರಕದ ಜಾತ್ರೆಗೆ ಬಂದ ಮೂವರು ಪಾಪಿಗಳಿಗೆ ಈಸೋಪನ ನೀತಿಕಥೆಗಳ ಎಳೆ ಹಿಡಿದು ಶಿಕ್ಷೆಯಾಗುತ್ತದೆ. ಕಥೆ ನಮಗೆ ಮೊದಲೇ ಗೊತ್ತಿರುವಂಥದು, ಪಾತ್ರಗಳು ನಡುವೆ ಮಾತಾಡುತ್ತವೆ, ಮಾತು ನಿಂತ ಮೇಲೆ ಹಾಡು ಬರುತ್ತದೆ. ಕಾರಣ ಏನೇ ಇರಲಿ, ‘ರೆಪೋ’ ನೋಡಿ ಬೇಸರಗೊಂಡವರು ಕೇಳಿದ್ದ ಬಿಡುವು ಅಲ್ಲಿ ಸಿಕ್ಕಿದೆ, ಹಾಡುಗಳು ಒಂದರಿಂದ ಒಂದು ಬೇರೆಯಾಗಿ ಕಿವಿಯಲ್ಲಿ ನಿಲ್ಲುತ್ತವೆ. ಆದರೆ ಬ್ಲೈಂಡ್ ಮ್ಯಾಗ್ ದೃಶ್ಯದಲ್ಲಿ ಆದಂತಹ ಭಯ ಅಲ್ಲಿಯೂ ನನಗೆ ಆಗಲಿಲ್ಲ. ಅಲ್ಲಿನ ಶಿಕ್ಷೆಗಳು ನೀತಿಕಥೆಯ ಪ್ರಕಾರ ನಡೆಯಲೇಬೇಕಾದವು, ಹಾಡು ಯಾವುದನ್ನೂ ತಡೆಹಿಡಿದು ನಿಂತಿಲ್ಲ.